ಅಜ್ಜಿಯ ಮರೆವಿನಲ್ಲಿ ಅವಳು ಕಾಣದ ಶಾಲೆಯ ಪಾಲು

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ದೇಶದ ಹಿರಿಯರ ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿದ ‘ಲಾಸಿ’ ಸಮೀಕ್ಷೆಯ ಕವಲಾಗಿ ನಡೆದ ಅಧ್ಯಯನದ ಲೆಕ್ಕ ಇದು. ಒಟ್ಟು ಸಂಖ್ಯೆಗಿಂತ ಅದು ಹಂಚಿಕೊಂಡಿರುವ ರೀತಿ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಓದಿದವರಿಗಿಂತ ಓದದವರಲ್ಲಿ ಹೆಚ್ಚು.

ಮಿದುಳಿನಲ್ಲಿ ಬೇಡದ ಪ್ರೋಟೀನು ಶೇಖರವಾಗಿ ನರಕೋಶಗಳು ಸಾಯುವ ಕಾಯಿಲೆಗೆ ಹಳ್ಳಿ ಯಾವುದು, ಪೇಟೆ ಯಾವುದು ಎಂದು ಹೇಗೆ ಗೊತ್ತಾಗಬೇಕು? ಯಾರು ಏಳನೇ ಕ್ಲಾಸು ಪಾಸು, ಯಾರು ಹೆಬ್ಬೆಟ್ಟು ಎಂದು ನೋಡಿ ಬರುತ್ತದೆಯೇ? ಒಂದು ಅರ್ಥದಲ್ಲಿ ಹೌದು. ಮುಪ್ಪಿನಲ್ಲಿ ಬುದ್ಧಿ ಎಷ್ಟು ಬೇಗ, ಎಷ್ಟರ ಮಟ್ಟಿಗೆ ಮಂಕಾಗುತ್ತದೆ ಎನ್ನುವುದರ ಒಂದು ಭಾಗ ತಲೆಬುರುಡೆಯ ಹೊರಗೆ ತೀರ್ಮಾನವಾಗುತ್ತದೆ. ಏಳನೇ ವಯಸ್ಸಿನಲ್ಲಿ ಶಾಲೆಗೆ ಕಳಿಸಿದರೋ ಇಲ್ಲವೋ, ನಲವತ್ತರಲ್ಲಿ ಎಂಥ ಕೆಲಸ ಮಾಡುತ್ತಿದ್ದರು, ಅರವತ್ತರಲ್ಲಿ ಗೆಳೆಯರಿದ್ದರೇ, ಎಪ್ಪತ್ತರಲ್ಲಿ ಕಿವಿ ಕೇಳುತ್ತಿತ್ತೇ, ಎಂಬತ್ತರಲ್ಲಿ ಯಾರಾದರೂ ಅವರನ್ನು ಒಂದು ಮಾತು ಕೇಳುತ್ತಿದ್ದರೇ ಎಂಬುದರ ಮೇಲೆ ಅದು ನಿಂತಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ವಯಸ್ಸಾದಂತೆ ಎಲ್ಲರ ತಲೆಯೂ ಸ್ವಲ್ಪ ನಿಧಾನವಾಗುತ್ತದೆ. ಪಕ್ಕದ ಬೀದಿಯವರ ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು, ಕೇಳಿದ ಕಥೆಯನ್ನೇ ಮತ್ತೆ ಹೇಳುವುದು ಕಾಯಿಲೆ ಅಲ್ಲ. ಆದರೆ ನಲವತ್ತು ವರ್ಷ ಹುಳಿ ಮಾಡಿದ ಕೈ, ಬೇಳೆ ಮೊದಲೋ ಒಗ್ಗರಣೆ ಮೊದಲೋ ಎಂದು ತಿಳಿಯದೆ ಒಲೆ ಮುಂದೆ ನಿಂತುಬಿಟ್ಟರೆ, ಹಾಲು ತರಲು ಹೋದವರಿಗೆ ತಮ್ಮದೇ ಬೀದಿಯಲ್ಲಿ ಮನೆ ಸಿಗದಿದ್ದರೆ, ಅದು ಬೇರೆ. ದಿನದ ಬದುಕು ನಡೆಸಲು ಆಗದಷ್ಟು ಬುದ್ಧಿಶಕ್ತಿ ಕುಂದುವುದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅಲ್ಜೈಮರ್ ಅದರ ಮುಖ್ಯ ಕಾರಣ, ಒಂದೇ ಕಾರಣವಲ್ಲ. ವಯಸ್ಸಿನ ಸಹಜ ಮರೆವಿಗೂ ಡಿಮೆನ್ಷಿಯಾಕ್ಕೂ ನಡುವೆ ಸಣ್ಣ ಕುಸಿತದ ದೊಡ್ಡ ಬಯಲೇ ಇದೆ. ಸಾಮಾಜಿಕ ಕಾರಣಗಳ ಕೈವಾಡ ಹೆಚ್ಚು ನಡೆಯುವುದು ಅಲ್ಲಿ.

ಇದು ಹೇಗೆ ಎಂದು ತಿಳಿಯಲು ಅಮೆರಿಕದ ಸನ್ಯಾಸಿನಿಯರ ಕಡೆಗೆ ಹೋಗಬೇಕು. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕ ಕ್ಯಾಥೊಲಿಕ್ ಸನ್ಯಾಸಿನಿಯರ ಒಂದು ಸಂಘದಲ್ಲಿ ಅಧ್ಯಯನ ಶುರು ಮಾಡಿದರು. ಮುಂದೆ ಅದರಲ್ಲಿ 678 ಮಂದಿ ಪಾಲ್ಗೊಂಡರು, ಎಲ್ಲರೂ 75 ದಾಟಿದವರು. ಅವರು ವರ್ಷ ವರ್ಷ ನೆನಪಿನ ಪರೀಕ್ಷೆಗೆ ಕೂತರು, ಸತ್ತ ಮೇಲೆ ಮಿದುಳನ್ನು ಪರೀಕ್ಷೆಗೆ ಕೊಡಲು ಒಪ್ಪಿದರು. ಒಂದೇ ಬಗೆಯ ಊಟ, ಒಂದೇ ಬಗೆಯ ಸೂರು, ಸಿಗರೇಟಿಲ್ಲ, ಕುಡಿತವಿಲ್ಲ, ಬಾಣಂತನವಿಲ್ಲ. ವಿಜ್ಞಾನಿಗೆ ಇದಕ್ಕಿಂತ ಅನುಕೂಲದ ಜನ ಸಿಗುವುದು ಕಷ್ಟ. ಸಿಸ್ಟರ್ ಮೇರಿ ಎಂಬವರು 101 ವರ್ಷ ಬದುಕಿ, ಕೊನೆಗಾಲದವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದರು. ಅವರ ಮಿದುಳನ್ನು ತೆರೆದು ನೋಡಿದರೆ ಒಳಗೆ ಅಲ್ಜೈಮರ್‌ನ ಗುರುತುಗಳು ಧಾರಾಳವಾಗಿದ್ದವು. ಕಾಯಿಲೆ ಇತ್ತು, ಲಕ್ಷಣ ಇರಲಿಲ್ಲ.

ಇಂಥ ಮಿದುಳುಗಳನ್ನು ಅಮೆರಿಕದ ನರರೋಗ ತಜ್ಞ ರಾಬರ್ಟ್ ಕಾಟ್ಜ್‌ಮನ್ ತಂಡ 1988ರಲ್ಲೇ ವರದಿ ಮಾಡಿತ್ತು. ಮುಂದೆ ಯಾಕೊವ್ ಸ್ಟರ್ನ್ ಮೊದಲಾದವರು ಇದಕ್ಕೆ ಒಂದು ವಿವರಣೆ ಬೆಳೆಸಿದರು. ಅದನ್ನು ಬುದ್ಧಿಯ ಇಡುಗಂಟು ಎನ್ನಬಹುದು. ಓದು, ತಲೆಗೆ ಕೆಲಸ ಕೊಡುವ ಉದ್ಯೋಗ, ಹಲವು ಜನರೊಡನೆ ಒಡನಾಟ, ಇವೆಲ್ಲ ಜೀವನಪೂರ್ತಿ ಈ ಗಂಟಿಗೆ ಸೇರುತ್ತ ಹೋಗುತ್ತವೆ. ಕಾಯಿಲೆ ಮಿದುಳಿಗೆ ಕೈ ಹಾಕಿದಾಗ ಗಂಟು ದೊಡ್ಡದಿದ್ದವರು ಅದರಲ್ಲೇ ಬಹಳ ದಿನ ಸಂಸಾರ ತೂಗಿಸುತ್ತಾರೆ, ಸಣ್ಣದಿದ್ದವರಿಗೆ ಬೇಗ ಕೊರತೆ ಕಾಣುತ್ತದೆ. ಹಾನಿ ಇಬ್ಬರಲ್ಲೂ ಅಷ್ಟೇ ಇರಬಹುದು. ಇದಕ್ಕೆ ಇನ್ನೊಂದು ಮುಖವೂ ಇದೆ. ಇಡುಗಂಟು ದೊಡ್ಡದಿದ್ದವರಲ್ಲಿ ಲಕ್ಷಣ ತಡವಾಗಿ ಹೊರಬೀಳುತ್ತದೆ, ಬಿದ್ದ ಮೇಲೆ ಇಳಿಜಾರು ಕಡಿದಾಗಿರುತ್ತದೆ. ಒಳಗೆ ಅಷ್ಟು ಹೊತ್ತಿಗೆ ಹಾನಿ ಬಹಳ ದೂರ ಹೋಗಿರುತ್ತದೆ. ನಿವೃತ್ತ ಮೇಷ್ಟ್ರು ‘ನೋಡನೋಡುತ್ತಲೇ ಹೀಗಾಗಿಬಿಟ್ಟರು’ ಎಂದು ಮನೆಯವರು ಹೇಳುವುದರಲ್ಲಿ ಸತ್ಯವಿದೆ.

ಈಗ ನಮ್ಮ ಅಜ್ಜಿಯರ ಲೆಕ್ಕಕ್ಕೆ ಬರೋಣ. ಇವತ್ತು 80ರ ಆಸುಪಾಸಿನ ಹೆಂಗಸು ಹುಟ್ಟಿದ್ದು 1940ರ ದಶಕದಲ್ಲಿ. 1951ರ ಜನಗಣತಿಯಲ್ಲಿ ದೇಶದ ಹೆಂಗಸರ ಸಾಕ್ಷರತೆ ಶೇ 8.86. ಗಂಡಸರದ್ದು ಶೇ 27ರಷ್ಟು. 2011ರ ಹೊತ್ತಿಗೂ 60 ದಾಟಿದ ಗಂಡಸರಲ್ಲಿ ಶೇ 59 ಮಂದಿ ಅಕ್ಷರಸ್ಥರಾಗಿದ್ದರೆ, ಹೆಂಗಸರಲ್ಲಿ ಬರೀ ಶೇ 28. ಹೆಣ್ಣುಮಕ್ಕಳಲ್ಲಿ ಡಿಮೆನ್ಷಿಯಾ ಯಾಕೆ ಹೆಚ್ಚು ಎಂಬ ಪ್ರಶ್ನೆಗೆ ಹಾರ್ಮೋನು, ದೀರ್ಘಾಯುಷ್ಯ ಎಂದೆಲ್ಲ ಉತ್ತರಗಳಿವೆ. ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು ಈ ಎರಡು ಅಂಕಿಗಳ ನಡುವಿನ ಕಂದಕವನ್ನು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಯಲ್ಲೇ ಉಳಿದ ಹುಡುಗಿಯ ಬಾಕಿ ಎಪ್ಪತ್ತು ವರ್ಷದ ಮೇಲೆ ವಸೂಲಾಗುತ್ತಿದೆ.

ಶಾಲೆ ಮಾಡುವ ಕೆಲಸ ಅಕ್ಷರ ಕಲಿಸುವುದಷ್ಟಕ್ಕೆ ಮುಗಿಯುವುದಿಲ್ಲ. ಓದಿದವರಿಗೆ ನೆರಳಿನಲ್ಲಿ ಕೂತು ಮಾಡುವ ಕೆಲಸ ಸಿಗುತ್ತದೆ, ಕೈಯಲ್ಲಿ ದುಡ್ಡಿರುತ್ತದೆ, ಬಿಪಿ ಮಾತ್ರೆ ತಪ್ಪದೆ ನುಂಗುತ್ತಾರೆ, ಸೌದೆ ಒಲೆಯ ಹೊಗೆ ಕುಡಿಯುವುದು ಕಡಿಮೆ. ಹೀಗಾಗಿ ‘ಓದು ಮಿದುಳನ್ನು ಕಾಯುತ್ತದೆ’ ಎನ್ನುವ ವಾಕ್ಯದಲ್ಲಿ ಎಷ್ಟು ಪಾಲು ಓದಿನದು, ಎಷ್ಟು ಪಾಲು ಓದು ತಂದುಕೊಟ್ಟ ಬದುಕಿನದು ಎಂದು ಬೇರ್ಪಡಿಸುವುದು ಸುಲಭವಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ ತಲೆಮಾರುಗಳಿಂದ ನಡೆಯುತ್ತಿರುವ ಹೃದಯದ ಅಧ್ಯಯನ ಇದಕ್ಕೊಂದು ಸಾಕ್ಷಿ. 2016ರಲ್ಲಿ ಬಂದ ಅದರ ವರದಿಯ ಪ್ರಕಾರ 1970ರ ದಶಕದ ಕೊನೆಯಿಂದ ಹೊಸದಾಗಿ ಡಿಮೆನ್ಷಿಯಾ ಬರುವ ಪ್ರಮಾಣ ದಶಕಕ್ಕೆ ಸುಮಾರು ಶೇ 20ರಂತೆ ಇಳಿಯುತ್ತ ಬಂದಿದೆ. ಕಾಯಿಲೆ ಬರದಂತೆ ತಡೆಯುವ ಯಾವ ಹೊಸ ಔಷಧವೂ ಬಂದಿರಲಿಲ್ಲ. ಆದರೆ ಆ ಇಳಿಕೆ ಕಂಡದ್ದು ಹೈಸ್ಕೂಲು ಮುಗಿಸಿದವರಲ್ಲಿ ಮಾತ್ರ. ಅದೇ ಊರು, ಅದೇ ಕಾಲ, ಆದರೂ ಕಾಲದ ಲಾಭ ಒಂದು ಗುಂಪಿನ ಪಾಲಾಯಿತು.

ಇಲ್ಲಿ ಒಂದು ತಕರಾರು ಏಳಬೇಕು, ಏಳಲಿ. ಬುದ್ಧಿ ಕುಂದಿದೆ ಎಂದು ತೀರ್ಮಾನಿಸುವ ಪರೀಕ್ಷೆಗಳನ್ನೇ ಓದಿದವರು ಓದಿದವರಿಗಾಗಿ ಮಾಡಿದ್ದಾರಲ್ಲ? ಪ್ರಪಂಚದ ತುಂಬ ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತ ಹೋಗಿ ಎನ್ನುತ್ತಾರೆ, ಒಂದು ವಾಕ್ಯ ಬರೆಯಿರಿ ಎನ್ನುತ್ತಾರೆ, ಒಂದನ್ನೊಂದು ಕತ್ತರಿಸುವ, ಐದೈದು ಮೂಲೆಯ ಎರಡು ಆಕೃತಿಗಳ ಚಿತ್ರ ನೋಡಿ ಬರೆಯಿರಿ ಎನ್ನುತ್ತಾರೆ. ಪೆನ್ಸಿಲನ್ನೇ ಹಿಡಿಯದ ಕೈಗೆ ಇದು ಬುದ್ಧಿಯ ಪರೀಕ್ಷೆಯೋ, ಶಾಲೆಯ ಪರೀಕ್ಷೆಯೋ? ರಾತ್ರಿಯಿಡೀ ಸೋಬಾನೆ ಪದ ಹೇಳುವ, ನಾಲ್ಕು ತಲೆಮಾರಿನ ನೆಂಟಸ್ತಿಕೆ ಬಿಡಿಸಿ ಹೇಳುವ ಹೆಂಗಸು ಇದರಲ್ಲಿ ನಪಾಸಾಗಬಹುದು. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ–ಅಮೆರಿಕ ಜಂಟಿ ಅಧ್ಯಯನ ನಡೆದಾಗ ಇದೇ ತೊಡಕು ಎದುರಾಗಿ, ಓದು ಬಾರದವರಿಗೆಂದೇ ಹಿಂದಿಯಲ್ಲಿ ಪರೀಕ್ಷೆಯನ್ನು ತಿದ್ದಿ ಕಟ್ಟಿದರು. ಇಪ್ಪತ್ತರಿಂದ ಮೂರು ಮೂರು ಕಳೆಯಿರಿ ಎಂದಾಯಿತು. ಆ ಹಳ್ಳಿಗಳಲ್ಲಿ ಅಲ್ಜೈಮರ್ ಕಂಡದ್ದು ಬಹಳ ಕಡಿಮೆ ಜನರಲ್ಲಿ. ಓದು ಇಲ್ಲದಿದ್ದರೆ ಕಾಯಿಲೆ ಖಂಡಿತ ಎಂದು ಹೇಳುವವರು ಆ ಫಲಿತಾಂಶವನ್ನೂ ನೆನಪಿಡಬೇಕು.

ನಮ್ಮ ರಾಜ್ಯದಲ್ಲೇ ಇದನ್ನು ಅಳೆಯುವ ದೊಡ್ಡ ಕೆಲಸವೊಂದು ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಅದರದ್ದು. ಮಾವಿನ ತೋಪುಗಳ ಸೀಮೆಯ ರೈತರ ರಕ್ತ, ನಡಿಗೆ, ನೆನಪು, ಮಿದುಳಿನ ಸ್ಕ್ಯಾನು ಎಲ್ಲವನ್ನೂ ಮತ್ತೆ ಮತ್ತೆ ನೋಡುವ ಈ ಕೆಲಸಕ್ಕೆ ಜೋಡಿಯಾಗಿ ಬೆಂಗಳೂರಿನ ನಗರವಾಸಿಗಳ ಅಧ್ಯಯನವೂ ಇದೆ. ಈ ವಿಷಯದಲ್ಲಿ ಇಷ್ಟು ದಿನ ನಾವು ನಂಬಿಕೊಂಡಿದ್ದು ಬಹುಪಾಲು ಯುರೋಪು, ಅಮೆರಿಕದ ಜನರ ಲೆಕ್ಕವನ್ನು. ಅಲ್ಲಿ ‘ಕಡಿಮೆ ಓದು’ ಎಂದರೆ ಹತ್ತನೇ ಕ್ಲಾಸು. ನಮ್ಮಲ್ಲಿ ಸೊನ್ನೆ.

ಓದೊಂದೇ ಇಡುಗಂಟು ಅಲ್ಲ ಎನ್ನುವುದಕ್ಕೆ ಒಳ್ಳೆಯ ಪುರಾವೆಯೂ ನಮ್ಮ ಕಡೆಯಿಂದಲೇ ಬಂದಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಿಮೆನ್ಷಿಯಾ ಇದ್ದ 648 ಮಂದಿಯ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಇಂಥ ಅಧ್ಯಯನ ಹಿಂದೆ ಕೆನಡಾದಲ್ಲಿ ಆಗಿದ್ದಾಗ, ಅಲ್ಲಿ ಎರಡು ಭಾಷೆ ಬಲ್ಲವರು ಹೆಚ್ಚಾಗಿ ವಲಸೆ ಬಂದವರು, ವ್ಯತ್ಯಾಸ ವಲಸೆಯಿಂದ ಇದ್ದೀತು ಎಂಬ ಆಕ್ಷೇಪವಿತ್ತು. ಹೈದರಾಬಾದಿನಲ್ಲಿ ಆ ಮಾತಿಗೆ ಜಾಗವಿಲ್ಲ. ತೆಲುಗು, ಉರ್ದು, ಹಿಂದಿ ಅಲ್ಲಿ ಬೀದಿಯಲ್ಲೇ ಸಿಗುತ್ತವೆ. ಬಳ್ಳಾರಿಯಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ, ಮಂಗಳೂರಿನಲ್ಲಿ ತುಳು, ಕೊಂಕಣಿ, ಬ್ಯಾರಿ ಎಂದು ಅಂಗಡಿ ಬದಲಾದ ಹಾಗೆ ನಾಲಿಗೆ ಬದಲಿಸುವ ನಮ್ಮವರಿಗೆ ಅದೊಂದು ವಿದ್ಯೆ ಎಂದೇ ಅನ್ನಿಸುವುದಿಲ್ಲ. ಮಿದುಳಿನ ಮಟ್ಟಿಗೆ ಮಾತ್ರ ಅದು ದಿನವಿಡೀ ನಡೆಯುವ ಕಸರತ್ತು. ಒಂದು ಭಾಷೆಯ ಪದ ಹೊರಬರುವಾಗ ಉಳಿದವನ್ನು ತಡೆದು ಹಿಡಿಯಬೇಕು. ಎಲ್ಲ ದೇಶಗಳ ಅಧ್ಯಯನಗಳಲ್ಲೂ ಈ ಲಾಭ ಒಂದೇ ತೆರನಾಗಿ ಕಂಡಿಲ್ಲ ಎನ್ನುವುದನ್ನೂ ಸೇರಿಸಿ ಹೇಳಬೇಕು.

ಇನ್ನು ಒಡನಾಟ. ಸ್ಟಾಕ್‌ಹೋಮ್ ನಗರದ ಕುಂಗ್ಸ್‌ಹೋಲ್ಮೆನ್ ಬಡಾವಣೆಯಲ್ಲಿ 75 ದಾಟಿದ 1,203 ಮಂದಿಯನ್ನು ಕೆಲ ವರ್ಷ ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಂಟು ಗೆಳೆತನ ತೀರ ಕಡಿಮೆ ಇದ್ದವರಿಗೆ ಡಿಮೆನ್ಷಿಯಾ ಬರುವ ಅಪಾಯ ಶೇ 60ರಷ್ಟು ಹೆಚ್ಚಿತ್ತು. ಅದನ್ನು ಓದಿ ನಮ್ಮವರು ‘ಅದಕ್ಕೇ ನಮ್ಮ ಅವಿಭಕ್ತ ಕುಟುಂಬವೇ ಮೇಲು’ ಎಂದು ಎದೆ ತಟ್ಟಿಕೊಳ್ಳುವುದುಂಟು. ಸ್ವಲ್ಪ ತಡೆಯಿರಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಹಿಂಬಾಲಿಸಿದಾಗ, ಒಬ್ಬಂಟಿಯಾಗಿ ವಾಸಿಸುವುದಕ್ಕಿಂತ ‘ನಾನು ಒಂಟಿ’ ಎಂದು ಅನ್ನಿಸುವುದೇ ಅಪಾಯದ ಗುರುತಾಗಿ ಉಳಿಯಿತು. ಷಿಕಾಗೋದಲ್ಲಿ 823 ಮಂದಿಯನ್ನು ನೋಡಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಒಂಟಿತನದ ಭಾವ ಗಾಢವಾಗಿದ್ದವರಿಗೆ ಅಲ್ಜೈಮರ್ ಅಪಾಯ ಎರಡರಷ್ಟಿತ್ತು. ಲಂಡನ್ನಿನ ಸರ್ಕಾರಿ ನೌಕರರ ‘ವೈಟ್‌ಹಾಲ್’ ಅಧ್ಯಯನದ 2019ರ ವರದಿಯಲ್ಲಿ ಇನ್ನೂ ಮುಜುಗರದ ವಿಷಯ ಇದೆ: 60ನೇ ವಯಸ್ಸಿನಲ್ಲಿ ಗೆಳೆಯರನ್ನು ಆಗಾಗ ನೋಡುತ್ತಿದ್ದವರಿಗೆ ಮುಂದೆ ಅಪಾಯ ಕಡಿಮೆಯಾಯಿತು, ನೆಂಟರನ್ನು ಆಗಾಗ ನೋಡುತ್ತಿದ್ದವರಲ್ಲಿ ಅಂಥ ಲಾಭ ಕಾಣಲಿಲ್ಲ.

ಅದು ಇಂಗ್ಲೆಂಡಿನ ಮಾತು, ಹಾಗೇ ಎತ್ತಿ ಇಲ್ಲಿಗೆ ತರುವಂತಿಲ್ಲ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ಮನೆಯವರೊಡನೆ ಮಾತು ಎಂದರೆ ಎಷ್ಟು? ‘ಊಟ ಆಯ್ತಾ?’ ‘ಮಾತ್ರೆ ತಗೊಂಡ್ರಾ?’ ‘ಫ್ಯಾನ್ ಹಾಕ್ಲಾ?’ ಹೂಂ ಅಥವಾ ಉಹೂಂ ಅಂದರೆ ಮುಗಿಯಿತು. ಅರಳಿಕಟ್ಟೆಯಲ್ಲಿ ಗೆಳೆಯ ಸಿಕ್ಕರೆ ಹಾಗಲ್ಲ. ಅವನು ನಿನ್ನೆಯ ಜಗಳ ಮುಂದುವರಿಸುತ್ತಾನೆ. ಗ್ರಾಮ ಪಂಚಾಯ್ತಿ ರಸ್ತೆ ವಿಷಯದಲ್ಲಿ ಯಾರು ಏನಂದರು ಎಂದು ನೆನಪು ಮಾಡಿಕೊಳ್ಳಬೇಕು, ಅವನು ಕೀಟಲೆ ಮಾಡಿದನೋ ನಿಜ ಹೇಳಿದನೋ ಎಂದು ಮುಖ ನೋಡಿ ಅಳೆಯಬೇಕು, ಸರಿಯಾದ ಉತ್ತರ ತಕ್ಷಣ ಹೊಳೆಯಬೇಕು. ಕೇಳುವುದು, ಹಿಡಿದಿಟ್ಟುಕೊಳ್ಳುವುದು, ತೂಗುವುದು, ಪದ ಹುಡುಕುವುದು ಎಲ್ಲ ಒಂದೇ ಉಸಿರಿನಲ್ಲಿ ನಡೆಯುತ್ತದೆ. ನೂರು ರೂಪಾಯಿ ಕೊಟ್ಟು ತರುವ ಪದಬಂಧದ ಪುಸ್ತಕದಲ್ಲಿ ಇದರ ಕಾಲು ಭಾಗದ ವ್ಯಾಯಾಮವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಪದಬಂಧ ಬಿಡಿಸುತ್ತ ಹೋದವರು ಪದಬಂಧದಲ್ಲಿ ನಿಸ್ಸೀಮರಾಗುತ್ತಾರೆ, ಆ ಜಾಣತನ ಬೇರೆ ಕಡೆಗೆ ಹರಿಯುವುದು ಅಷ್ಟಕ್ಕಷ್ಟೆ.

ಒಂಟಿತನ ಬೇರೆ ದಾರಿಗಳಲ್ಲೂ ಕೆಲಸ ಮಾಡುತ್ತದೆ. ಸದಾ ಕೊರಗುವ ದೇಹದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯುವುದೇ ಇಲ್ಲ, ಬಹುಕಾಲ ಹಾಗಿದ್ದರೆ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗಕ್ಕೆ ಅದು ಒಳ್ಳೆಯದಲ್ಲ. ನಿದ್ದೆ ಕೆಡುತ್ತದೆ, ನಡಿಗೆ ನಿಲ್ಲುತ್ತದೆ, ‘ನನಗೊಬ್ಬಳಿಗೆ ಏನು ಅಡುಗೆ’ ಎಂದು ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗುತ್ತಾರೆ, ಸಕ್ಕರೆ ಕಾಯಿಲೆಯ ಮಾತ್ರೆ ತೀರಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ದಿಕ್ಕಿನ ಪ್ರಶ್ನೆ ಒಂದಿದೆ, ಅದನ್ನು ಬಿಟ್ಟು ಮುಂದೆ ಹೋದರೆ ಓದುಗರಿಗೆ ಮೋಸ ಮಾಡಿದಂತೆ. ಅಲ್ಜೈಮರ್‌ನ ಬದಲಾವಣೆಗಳು ಲಕ್ಷಣಕ್ಕಿಂತ ಹತ್ತು–ಇಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗುತ್ತವೆ. ಒಳಗೊಳಗೇ ಕಾಯಿಲೆ ಹತ್ತಿದವರಿಗೆ ಮದುವೆಮನೆಯ ಗದ್ದಲ ಸಾಕೆನಿಸುತ್ತದೆ, ಹೆಸರು ಮರೆತು ಅವಮಾನವಾದೀತು ಎಂದು ಭಜನೆಗೆ ಹೋಗುವುದು ಬಿಡುತ್ತಾರೆ. ಆಮೇಲೆ ಕಾಯಿಲೆ ಪತ್ತೆಯಾದರೆ ‘ಜನರ ಜೊತೆ ಬೆರೆಯಲಿಲ್ಲ, ಅದಕ್ಕೇ ಬಂತು’ ಎನ್ನುತ್ತೇವೆ. ಬೆರೆಯದಿದ್ದದ್ದೇ ಕಾಯಿಲೆಯ ಮೊದಲ ಅಂಕ ಇದ್ದೀತು. ಮಧ್ಯವಯಸ್ಸಿನಿಂದಲೇ ಜನರನ್ನು ದಶಕಗಟ್ಟಲೆ ಹಿಂಬಾಲಿಸುವ ವೈಟ್‌ಹಾಲ್, ಶ್ರೀನಿವಾಸಪುರದಂಥ ಅಧ್ಯಯನಗಳಿಗೆ ತೂಕ ಹೆಚ್ಚು ಬರುವುದು ಇದಕ್ಕೇ. ನನಗೆ ಕಂಡ ಮಟ್ಟಿಗೆ ಎರಡೂ ದಿಕ್ಕಿನಲ್ಲಿ ಸಂಚಾರವಿದೆ.

ಕಿವಿಯ ವಿಷಯದಲ್ಲಿ ಮಾತ್ರ ಪ್ರಯೋಗವನ್ನೇ ಮಾಡಿ ನೋಡಿದ್ದಾರೆ. ಕಿವಿ ಮಂದವಾದರೆ ಮೊದಲು ಗುಂಪಿನ ಮಾತು ತಪ್ಪುತ್ತದೆ, ಆಮೇಲೆ ಫೋನು ತಪ್ಪುತ್ತದೆ, ಕೊನೆಗೆ ಮನೆಯವರು ಗಂಟಲು ಹರಿದುಕೊಳ್ಳುವುದು ಬೇಡವೆಂದು ಹೇಳುವುದನ್ನೇ ಬಿಡುತ್ತಾರೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕಿವಿ ಮಷೀನು ಕೊಟ್ಟು ಬಳಸುವುದನ್ನು ಕಲಿಸಿದರು, ಉಳಿದವರಿಗೆ ಆರೋಗ್ಯದ ತಿಳಿವಳಿಕೆಯಷ್ಟೇ ಕೊಟ್ಟರು. ಮೂರು ವರ್ಷದ ಬಳಿಕ, 2023ರಲ್ಲಿ ಪ್ರಕಟವಾದ ಫಲಿತಾಂಶ ಒಡೆದ ಕನ್ನಡಿಯಂತಿತ್ತು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸವಿಲ್ಲ. ಆದರೆ ವಯಸ್ಸು ಹೆಚ್ಚು, ಓದು ಮತ್ತು ವರಮಾನ ಕಡಿಮೆ, ಬಿಪಿ ಸಕ್ಕರೆ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿ ಕುಂದುವ ವೇಗ ಶೇ 48ರಷ್ಟು ತಗ್ಗಿತ್ತು. ಅಂದರೆ ಇಡುಗಂಟು ಸಣ್ಣದಿರುವವರಿಗೇ ಮಷೀನಿನ ಉಪಕಾರ. ನಮ್ಮ ಹಿರಿಯರಲ್ಲಿ ಬಹುಪಾಲು ಜನ ಯಾವ ಗುಂಪಿಗೆ ಸೇರುತ್ತಾರೆ ಎಂದು ಹೇಳಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆ. 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಕಿವಿ ಮಷೀನು, ಕನ್ನಡಕ, ಹಲ್ಲಿನ ಸೆಟ್ಟು ಉಚಿತ. ಕೊಡಿಸುವುದಕ್ಕಿಂತ ಹಾಕಿಸುವುದು ಕಷ್ಟ. ಮೊದಲ ವಾರಗಳಲ್ಲಿ ಪಾತ್ರೆ ಸದ್ದು, ಮಿಕ್ಸಿ ಸದ್ದು ತಲೆಗೆ ಬಡಿಯುತ್ತದೆ, ಮಷೀನು ಪೆಟ್ಟಿಗೆ ಸೇರುತ್ತದೆ. ಅಲ್ಲಿ ಬಿಡದೆ ಮತ್ತೆ ಹೋಗಿ ಸದ್ದು ಹೊಂದಿಸಿಕೊಂಡು ಬರಬೇಕು.

ನಮ್ಮ ಮನೆಗಳಲ್ಲಿ ಯಾರೂ ಅಳೆಯದ ಒಂದು ಸಂಗತಿ ಇದೆ. ಅದು ಪ್ರೀತಿಯಿಂದಲೇ ಕೆಲಸ ಕಿತ್ತುಕೊಳ್ಳುವುದು. ‘ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ’ ಎನ್ನುವುದರಲ್ಲಿ ಕೇಡಿಲ್ಲ. ಆದರೆ ಅಡುಗೆಮನೆಯಲ್ಲಿ ನಡೆಯುತ್ತಿದ್ದುದು ಅಡುಗೆ ಮಾತ್ರವಲ್ಲ. ಅಕ್ಕಿ ಎಷ್ಟು ದಿನಕ್ಕೆ ಬರುತ್ತದೆ, ಮೆಣಸಿನಕಾಯಿ ಯಾವ ಬಿಸಿಲಿಗೆ ಹಾಕಬೇಕು, ಏಕಾದಶಿಗೆ ಯಾರು ಊಟ ಬಿಡುತ್ತಾರೆ, ಹಾಲಿನವನಿಗೆ ಎಷ್ಟು ಬಾಕಿ ಎಂಬ ಲೆಕ್ಕವೆಲ್ಲ ಆ ತಲೆಯಲ್ಲಿ ಓಡುತ್ತಿತ್ತು. ಒಂದು ದಿನ ಅಷ್ಟೂ ಬಂದ್. ಗಂಡಸರ ಕಥೆ ಬೇರೆ ತರಹ. ಸಂತೆಗೆ ಹೋಗುತ್ತಿದ್ದವರು ‘ಆನ್‌ಲೈನ್‌ನಲ್ಲಿ ಬರತ್ತೆ ಬಿಡಿ ಅಪ್ಪ’ ಎಂದ ಮೇಲೆ ಕೂತರು. ಬ್ಯಾಂಕಿನ ಪಾಸ್‌ಬುಕ್ಕು ಮಗನ ಮೊಬೈಲಿಗೆ ಹೋಯಿತು. ಕರೆಂಟು ಬಿಲ್ಲಿಗೆ ಸಾಲಿನಲ್ಲಿ ನಿಂತು ಪರಿಚಯದವರೊಡನೆ ಹರಟುತ್ತಿದ್ದುದು ನಿಂತಿತು. ತಿಂಗಳಿಗೊಮ್ಮೆ ರೇಷನ್ ಅಂಗಡಿಯಲ್ಲಿ ಬೆರಳು ಒತ್ತಲು ಮಾತ್ರ ಅವರು ಬೇಕು, ಸವೆದ ಬೆರಳಿನ ಗುರುತು ಹತ್ತದಿದ್ದರೆ ಅದಕ್ಕೂ ಬೇಡ. ತೀರ್ಮಾನ ತೆಗೆದುಕೊಳ್ಳುವ ಕೆಲಸ ಹೋದ ಮೇಲೆ ಮಿದುಳಿಗೆ ದಿನ ಬೆಳಗಾದರೆ ಮಾಡಲು ಏನಿರುತ್ತದೆ?

ವಿಧವೆಯರಿಗೆ ಇದು ಇನ್ನೂ ಬಿಗಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಸಂಗಾತಿ ತೀರಿಕೊಂಡವರಿಗೆ, ಸಂಗಾತಿ ಇರುವವರಿಗಿಂತ, ಅಪಾಯ ಶೇ 20ರಷ್ಟು ಹೆಚ್ಚು ಕಂಡಿತ್ತು. ಅರಿಶಿನ–ಕುಂಕುಮಕ್ಕೆ ಕರೆಯದ, ಮದುವೆ ಚಪ್ಪರದಲ್ಲಿ ಹಿಂದಿನ ಸಾಲಿಗೆ ಸರಿಸುವ ನಮ್ಮ ರೂಢಿಯಲ್ಲಿ ಅವಳು ಗಂಡನ ಜೊತೆಗೆ ಅರ್ಧ ಊರನ್ನೂ ಕಳೆದುಕೊಳ್ಳುತ್ತಾಳೆ.

ಹಿರಿಯರನ್ನು ಮನೆಯಿಂದ ಹೊರಗೆ ಹೊರಡಿಸುವುದಕ್ಕೆ ಸರ್ಕಾರ ಏನು ಮಾಡಬಹುದು ಎನ್ನುವುದಕ್ಕೆ ಇಂಗ್ಲೆಂಡಿನ ಬಸ್ ಪಾಸು ನನಗೆ ಇಷ್ಟವಾದ ಉದಾಹರಣೆ. ಅಲ್ಲಿ ಹಿರಿಯರಿಗೆ ಉಚಿತ ಬಸ್ ಸಂಚಾರ ಕೊಟ್ಟ ಮೇಲೆ ಬಸ್ ಬಳಕೆ ಹೆಚ್ಚಿತು, ಅದರಿಂದ ನೆನಪಿನ ಅಂಕಗಳೂ ಸುಧಾರಿಸಿದವು ಎಂದು 2019ರ ಅಧ್ಯಯನವೊಂದು ತೋರಿಸಿತು. ಪಾಸು ಎಲ್ಲರಿಗೂ ಸಿಕ್ಕಿದ್ದರಿಂದ ‘ಚುರುಕಾಗಿರುವವರೇ ಹೊರಗೆ ಹೋಗುತ್ತಾರೆ’ ಎಂಬ ದಿಕ್ಕಿನ ತೊಡಕನ್ನು ಅದು ಸಾಕಷ್ಟು ಮಟ್ಟಿಗೆ ದಾಟಿತು. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ತವರಿಗೆ, ದೇವಸ್ಥಾನಕ್ಕೆ, ತಂಗಿ ಮನೆಗೆ ತಾವೇ ಹೊರಡುವ ಅಜ್ಜಿಯರನ್ನು ಕಂಡು ಗೇಲಿ ಮಾಡಿದವರಿದ್ದಾರೆ. ಅದು ಆರೋಗ್ಯ ಇಲಾಖೆಯ ಖರ್ಚೂ ಹೌದೋ ಎಂದು ಯಾರಾದರೂ ಲೆಕ್ಕ ಹಾಕಿ ನೋಡಬೇಕು.

ಇದರ ತದ್ವಿರುದ್ಧ ಚಿತ್ರ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಗಳ ಬಾಣಂತನಕ್ಕೆ ಹೋಗಿ ಆರು ತಿಂಗಳು ಉಳಿಯುವ ಅಪ್ಪ ಅಮ್ಮಂದಿರದ್ದು. ಕಾರು ಓಡಿಸಲು ಬಾರದು, ಬಸ್ಸಿಲ್ಲ, ಬೀದಿಯಲ್ಲಿ ಮನುಷ್ಯರಿಲ್ಲ. ವಾರಕ್ಕೊಮ್ಮೆ ದೇವಸ್ಥಾನ, ವರ್ಷಕ್ಕೊಮ್ಮೆ ಕನ್ನಡ ಕೂಟದ ಯುಗಾದಿ. ಸವಲತ್ತಿಗೆ ಕೊರತೆಯಿಲ್ಲದ ಮನೆಯಲ್ಲಿ ಮಾತಿಗೆ ಬರ.

ಕಾಯಿಲೆ ಗುರುತಿಸುವುದರಲ್ಲೂ ಸಮಾಜದ ಕೈ ಇದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕಿದರೆ ಆಸ್ಪತ್ರೆಗೆ ಹೋಗುವುದೇ ಇಲ್ಲ. ಮರೆವಿನಂತೆ ಕಾಣುವ ಎಲ್ಲವೂ ಡಿಮೆನ್ಷಿಯಾ ಅಲ್ಲ. ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗಿರುವುದು, ಖಿನ್ನತೆ, ನಿದ್ದೆ ಮಾತ್ರೆಯಂಥ ಔಷಧಗಳ ಅಡ್ಡಪರಿಣಾಮ, ಇವಕ್ಕೆಲ್ಲ ಚಿಕಿತ್ಸೆ ಇದೆ, ಮಂಕು ಎಷ್ಟೋ ಸಲ ಇಳಿಯುತ್ತದೆ. ಚೆನ್ನಾಗಿದ್ದವರು ಎರಡೇ ದಿನದಲ್ಲಿ ದಿಕ್ಕುತಪ್ಪಿ ಮಾತಾಡತೊಡಗಿದರೆ ಮೂತ್ರದ ಸೋಂಕು, ಉಪ್ಪಿನಂಶದ ಏರುಪೇರು ಏನಾದರೂ ಇರಬಹುದು, ಅಂದೇ ವೈದ್ಯರಿಗೆ ತೋರಿಸಬೇಕು. ಒಬ್ಬರೇ ಇರುವವರ ಈ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ಹತ್ತಿರದ ನೆರವಿನ ಮಾಹಿತಿ ಸಿಗುತ್ತದೆ.

‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿ, ಇವೆಲ್ಲ ಇಲ್ಲದಿದ್ದರೆ ಪ್ರಪಂಚದ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಕಿವಿ ಕೇಳದಿರುವುದರ ಪಾಲು ಶೇ 7, ಕಡಿಮೆ ಓದಿನದು 5, ಒಡನಾಟವಿಲ್ಲದಿರುವುದರದು 5, ಖಿನ್ನತೆಯದು 3, ಹೊಗೆ–ದೂಳಿನ ಗಾಳಿಯದು 3, ದೃಷ್ಟಿದೋಷಕ್ಕೆ ಚಿಕಿತ್ಸೆ ಸಿಗದಿರುವುದರದು 2. ಈ ಶೇಕಡಾವಾರು ಇಡೀ ಜನಸಮುದಾಯದ ಲೆಕ್ಕ. ನಿಮ್ಮ ತಾಯಿಗೆ ಕಾಯಿಲೆ ಬಂದದ್ದು ಯಾವುದರಿಂದ ಎಂದು ಇದರಿಂದ ಹೇಳಲಾಗದು. ಪ್ರೊಫೆಸರರಿಗೂ ಬರುತ್ತದೆ, ಹತ್ತು ಜನ ಗೆಳೆಯರಿದ್ದವರಿಗೂ ಬರುತ್ತದೆ. ವಯಸ್ಸು ಮತ್ತು ವಂಶವಾಹಿಗಳನ್ನು ಯಾವ ಪಟ್ಟಿಯೂ ಅಳಿಸಿಲ್ಲ. ಮೊಬೈಲಿಗೆ ಬರುವ ಬುದ್ಧಿಮಾತುಗಳು ಇದನ್ನು ತಿರುಚಿ ‘ವಾಕಿಂಗ್ ಮಾಡಲಿಲ್ಲ, ಅನುಭವಿಸಲಿ’ ಎಂಬ ಧಾಟಿಗೆ ಇಳಿಯುತ್ತವೆ. ಪಟ್ಟಿಯನ್ನು ಮತ್ತೆ ನೋಡಿ. ಶಾಲೆ, ಗಾಳಿ, ಕಿವಿ–ಕಣ್ಣಿನ ಚಿಕಿತ್ಸೆ, ಇವು ಯಾವುದೂ ಒಬ್ಬ ಮುದುಕಿ ತಾನೇ ಎದ್ದು ಸರಿಮಾಡಿಕೊಳ್ಳುವಂಥವಲ್ಲ.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ನೋಡಿಕೊಳ್ಳುವವರು. ಅಮೆರಿಕದ ಯೂಟಾ ರಾಜ್ಯದ ಕ್ಯಾಶ್ ಕೌಂಟಿಯಲ್ಲಿ 1,221 ದಂಪತಿಗಳನ್ನು ಹಿಂಬಾಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಗೆ ಡಿಮೆನ್ಷಿಯಾ ಬಂದವರಿಗೆ ತಮಗೂ ಅದು ಬರುವ ಅಪಾಯ ಇತರರಿಗಿಂತ ಆರು ಪಟ್ಟು ಇತ್ತು. ಗಂಡ ಹೆಂಡಿರ ಊಟ, ಪರಿಸರ ಒಂದೇ ಆಗಿರುವುದೂ ಅದರಲ್ಲಿ ಸೇರಿದ್ದೀತು, ಎಲ್ಲ ಕಡೆ ಇಷ್ಟು ದೊಡ್ಡ ಅಂಕಿ ಸಿಕ್ಕಿಲ್ಲ. ಆದರೆ ಇದುವರೆಗೆ ಹೇಳಿದ ಕಾರಣಗಳೆಲ್ಲ ಒಬ್ಬರ ಮೇಲೆಯೇ ಬೀಳುವುದನ್ನು ನೋಡಬೇಕಾದರೆ ಇಂಥ ಮನೆಗೆ ಹೋಗಬೇಕು. ಗಂಡ ಬಾಗಿಲು ತೆಗೆದು ಹೋಗಿಬಿಡುತ್ತಾನೆ ಎಂದು ಚಿಲಕಕ್ಕೆ ಬೀಗ ಹಾಕಿ ಕೂತ ಎಪ್ಪತ್ತೆರಡರ ಹೆಂಡತಿಗೆ ನಿದ್ದೆಯಿಲ್ಲ, ಸಂಘದ ವಾರದ ಸಭೆಯಿಲ್ಲ, ತನ್ನ ಬಿಪಿ ನೋಡಿಸಲು ಪುರುಸೊತ್ತಿಲ್ಲ, ಮಾತಿಗೆ ಇದ್ದ ಒಬ್ಬನೂ ಈಗ ಅವಳನ್ನು ‘ನೀನ್ಯಾರು’ ಎನ್ನುತ್ತಾನೆ. ನೆಂಟರು ಬಂದರೆ ಹಣ್ಣು ತಂದು, ರೋಗಿಯನ್ನು ನೋಡಿ, ‘ಏನು ಮಾಡೋಕಾಗತ್ತೆ’ ಎಂದು ಹೊರಡುತ್ತಾರೆ. ಹಣ್ಣಿನ ಬದಲು ಶನಿವಾರ ಮಧ್ಯಾಹ್ನ ಮೂರು ಗಂಟೆ ಹೊತ್ತು ಯಾರಾದರೂ ಅಲ್ಲಿ ಕೂತರೆ ಅವಳು ಅಕ್ಕನ ಮನೆಗೆ ಹೋಗಿಬರಬಹುದು.